ಊಟ ಆಯ್ತಾ?

ನಮ್ಮಲ್ಲಿ ಯೋಗಕ್ಷೇಮ ವಿಚಾರಿಸಲು ಎರಡು ಪದ ಸಾಕು: ಊಟ ಆಯ್ತಾ? ಹೊತ್ತಿಗೆ ತಕ್ಕಂತೆ ಅದೇ ತಿಂಡಿ ಆಯ್ತಾ ಎಂದೋ ಕಾಫಿ ಆಯ್ತಾ ಎಂದೋ ವೇಷ ಬದಲಿಸುತ್ತದೆ. ಉತ್ತರವೂ ಮೊದಲೇ ಗೊತ್ತಿರುವಂಥದ್ದೇ. ಆಯ್ತು, ನಿಮ್ದು? ಊಟ ಆಗಿರದಿದ್ದರೂ ಆಯ್ತು ಎಂದೇ ಹೇಳುತ್ತೇವೆ. ಇಲ್ಲ ಎಂದುಬಿಟ್ಟರೆ ಕೇಳಿದವರು ಒಳಗೆ ಕರೆದು ತಟ್ಟೆ ಹಾಕಬೇಕಾಗುತ್ತದಲ್ಲ, ಅವರಿಗೇಕೆ ತೊಂದರೆ ಎಂಬ ಮರ್ಯಾದೆ ಅದು. ಈ ಸಣ್ಣ ಸುಳ್ಳನ್ನು ಯಾರೂ ಸುಳ್ಳಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮವ್ವ ಜೀವನವಿಡೀ ಹಾಗೆಯೇ ಉತ್ತರಿಸಿದವಳು. ಒಂದು ದಿನ ಆ ಉತ್ತರವೇ ಅವಳ ಜೀವಕ್ಕೆ ಬಂತು. ಅವತ್ತಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅವ್ವನಿಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತೆರಡು ವರ್ಷ. ಮರೆವು ಶುರುವಾಗಿ ನಾಲ್ಕೋ ಐದೋ. ಶುಗರ್ ಪತ್ತೆಯಾದ ದಿನ ಲ್ಯಾಬಿನ ಚೀಟಿಯಲ್ಲಿ ಅಚ್ಚಾಗಿದೆ. ಮರೆವಿಗೆ ಅಂಥ ದಿನವಿಲ್ಲ, ಹಿಂತಿರುಗಿ ನೋಡಿದಾಗ ಮಾತ್ರ ಓಹೋ ಅವತ್ತೇ ಇತ್ತಲ್ಲ ಅನ್ನಿಸುತ್ತದೆ. ಆ ಬೆಳಿಗ್ಗೆ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಚಪ್ಪಲಿ ಮೆಟ್ಟುತ್ತಲೇ ಕೂಗಿ ಕೇಳಿದೆ.

‘ಅವ್ವಾ, ತಿಂಡಿ ಆಯ್ತಾ?’

‘ಆಯ್ತು ಕಣವ್ವ, ನೀನು ಹೊರಡು.’

‘ಮಾತ್ರೆ?’

‘ನುಂಗ್ದೆ.’

ಎರಡನೆಯ ಮಾತು ನಿಜವಾಗಿತ್ತು, ಬೇಕಾದ್ದಕ್ಕಿಂತ ಹೆಚ್ಚೇ ನಿಜ. ಒಮ್ಮೆ ನುಂಗಿದ್ದು ಮರೆತು ಇನ್ನೊಮ್ಮೆ ನುಂಗಿದ್ದಳು. ಮೊದಲನೆಯದು ಮಾತ್ರ ಎಂದಿನ ಮರ್ಯಾದೆಯ ಮಾತು. ಇಡ್ಲಿ ಡಬ್ಬಿಯಲ್ಲಿ ಹಾಗೆಯೇ ಇತ್ತು. ಹನ್ನೊಂದರ ಹೊತ್ತಿಗೆ ಪಕ್ಕದ ಮನೆಯವರು ಫೋನ್ ಮಾಡಿದರು. ನಾನು ಬಂದಾಗ ಅವ್ವ ಹಜಾರದ ಕಂಬಕ್ಕೆ ಒರಗಿ ಕುಳಿತಿದ್ದಳು. ಬೆವರಿಗೆ ರವಿಕೆ ತೊಯ್ದಿತ್ತು. ಕೈ ನಡುಗುತ್ತಿತ್ತು. ನನ್ನನ್ನು ನೋಡಿ ‘ಅಕ್ಕಯ್ಯ, ಗಾಣ ನಿಂತೋಯ್ತಾ?’ ಎಂದಳು. ಅವಳ ಅಕ್ಕಯ್ಯ ಸತ್ತು ಮೂವತ್ತು ವರ್ಷವಾಗಿದೆ. ಗಾಣ ನಿಂತು ಇನ್ನೂ ಹೆಚ್ಚಾಗಿರಬೇಕು. ಮರೆವು ಒಂದೇ ಸಲಕ್ಕೆ ನಾಲ್ಕು ಮೆಟ್ಟಿಲು ಇಳಿಯಿತು ಎಂದುಕೊಂಡು ನಾನು ಅಳುವುದಕ್ಕೆ ಅಣಿಯಾದೆ. ಬೀದಿ ಕೊನೆಯ ಕ್ಲಿನಿಕ್ಕಿನ ನರ್ಸಮ್ಮ ಬಂದವರೇ ಅಳುವುದಕ್ಕೂ ಬಿಡಲಿಲ್ಲ. ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿದರು. ನಲವತ್ತೊಂದು. ‘ಮೇಡಂ, ಇದು ಅರಳುಮರಳಲ್ಲ, ಲೋ ಶುಗರ್. ಸಕ್ಕರೆ ತನ್ನಿ ಬೇಗ’ ಎಂದರು.

ಮನೆಯಲ್ಲಿ ಸಕ್ಕರೆ ಡಬ್ಬಿ ಅಟ್ಟದ ಮೇಲಿತ್ತು. ಅವಳ ಕೈಗೆ ಸಿಗಬಾರದೆಂದು ನಾನೇ ಇಟ್ಟದ್ದು. ಸ್ಟೂಲು ಹಾಕಿ ಇಳಿಸಿ, ನೀರಿಗೆ ಮೂರು ಚಮಚ ಸುರಿದು ಕದಡಿ ಕುಡಿಸಿದೆವು. ಹದಿನೈದು ನಿಮಿಷವಾಗಿತ್ತೋ ಇಲ್ಲವೋ, ಅವ್ವ ನನ್ನ ಮುಖ ನೋಡಿ ‘ಕಾಲೇಜಿಲ್ವಾ ಇವತ್ತು?’ ಎಂದಳು. ನರ್ಸಮ್ಮನನ್ನು ಕಂಡು ‘ಕಾಫಿ ಕೊಡವ್ವ ಇವರಿಗೆ’ ಎಂದಳು.

ಎರಡು ದಶಕ ಅವಳಿಂದ ಬಚ್ಚಿಟ್ಟ ವಸ್ತುವೇ ಅವಳನ್ನು ನಮಗೆ ವಾಪಸು ಕೊಟ್ಟಿತು. ಸಕ್ಕರೆ ಮತ್ತು ನೆನಪು ಇಷ್ಟು ಹತ್ತಿರದ ನೆಂಟರು ಎಂಬುದು ಅಲ್ಲಿಯವರೆಗೆ ನನಗೆ ಪುಸ್ತಕದ ಸಂಗತಿಯಾಗಿತ್ತು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ವಸ್ತುಸಂಗ್ರಹಾಲಯವಿದೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಒಮ್ಮೆ ಹೋಗಿದ್ದೆ. ಅಲ್ಲಿ ಮಿದುಳನ್ನು ಗಾಜಿನ ಹಿಂದೆ ನೋಡುವುದಷ್ಟೇ ಅಲ್ಲ, ಮುಟ್ಟಬಹುದು. ದೊಡ್ಡವರ ಮಿದುಳು ಹೆಚ್ಚೂಕಡಿಮೆ ಒಂದು ಕಿಲೋ ಮುನ್ನೂರು ಗ್ರಾಂ ತೂಗುತ್ತದೆ, ಮೈತೂಕದ ನೂರರಲ್ಲಿ ಎರಡು ಪಾಲು. ಮೈ ಸುಡುವ ಇಂಧನದಲ್ಲಿ ಮಾತ್ರ ಅದರ ಪಾಲು ಸುಮಾರು ಇಪ್ಪತ್ತು. ಕೂಡಿಡುವ ಕಣಜ ಅದಕ್ಕಿಲ್ಲವೆಂದೇ ಹೇಳಬೇಕು. ಸ್ನಾಯು ಮತ್ತು ಯಕೃತ್ತು ತಮಗೆ ಬೇಕಾದ್ದನ್ನು ಕಟ್ಟಿಟ್ಟುಕೊಳ್ಳುತ್ತವೆ. ಮಿದುಳು ದಿನಗೂಲಿಯವನ ಹಾಗೆ, ಆಗಿನದನ್ನು ಆಗಲೇ ತಂದು ಉಣ್ಣಬೇಕು. ಆದ್ದರಿಂದ ಶುಗರ್ ಇಳಿದಾಗ ಮೊದಲು ಕೆಡುವುದು ಕಾಲಲ್ಲ, ಮಾತು. ಯಾರು ಯಾರೆಂಬ ಗುರುತು. ನಾವು ‘ಮನಸ್ಸು’ ಎಂದು ಗೌರವದಿಂದ ಎತ್ತರದಲ್ಲಿಟ್ಟಿರುವುದು ಮಾತ್ರೆ ನುಂಗಿ ಇಡ್ಲಿ ತಪ್ಪಿಸಿದ ಬೆಳಿಗ್ಗೆ ಎರಡು ಗಂಟೆಯೂ ತಡೆಯುವುದಿಲ್ಲ. ಅನ್ನದಿಂದಲೇ ಎಲ್ಲವೂ ಎಂದು ನಮ್ಮ ಹಿರಿಯರು ಹೇಳುತ್ತ ಬಂದದ್ದನ್ನು ನಾನು ಭಕ್ತಿಯ ಮಾತೆಂದುಕೊಂಡಿದ್ದೆ. ಅದು ಕಂಡು ಹೇಳಿದ ಮಾತಿರಬಹುದು.

ಸಕ್ಕರೆ ಕಡಿಮೆಯಾದರೆ ಆಗುವ ಕೆಡುಕು ಕಣ್ಣಿಗೆ ಕಾಣುತ್ತದೆ. ಹೆಚ್ಚಾದರೆ ಆಗುವ ಕೆಡುಕು ಹಾಗಲ್ಲ. ಅದು ಗೆದ್ದಲಿನ ಕೆಲಸ, ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ.

ಸಕ್ಕರೆ ಕಾಯಿಲೆ ಮತ್ತು ಮರೆವು, ಈ ಎರಡರ ನಂಟನ್ನು ಲೆಕ್ಕ ಹಾಕಿ ತೋರಿಸಿದ ಅಧ್ಯಯನಗಳಲ್ಲಿ ಹೆಸರಾದದ್ದು ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್ ನಗರದ್ದು. ಅಲ್ಲಿನ ಒಂದು ಬಡಾವಣೆಯ ವಯಸ್ಸಾದವರನ್ನು ವರ್ಷಗಳ ಕಾಲ ಹಿಂಬಾಲಿಸಿ, ಮಧುಮೇಹ ಇರುವವರಿಗೆ ಡಿಮೆನ್ಷಿಯ, ಅಂದರೆ ಮರೆವಿನ ಕಾಯಿಲೆ, ಬರುವ ಸಾಧ್ಯತೆ ಇಲ್ಲದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಎಂದು 1999ರಲ್ಲಿ ವರದಿ ಮಾಡಿದರು. ಆಮೇಲೆ ಹಲವು ದೇಶಗಳ ಲೆಕ್ಕಗಳನ್ನು ಒಟ್ಟು ಮಾಡಿ ನೋಡಿದಾಗ ಅದು ಒಂದೂವರೆ ಪಟ್ಟಿಗಿಂತ ತುಸು ಮೇಲೆ ನಿಂತಿತು. ಬೆದರುವ ಮುನ್ನ ಒಂದು ಮಾತು. ಒಂದೂವರೆ ಪಟ್ಟು ಎಂದರೆ ಬಂದೇ ಬರುತ್ತದೆ ಎಂದಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಬಹುಪಾಲು ಜನ ಕೊನೆಯವರೆಗೂ ಮೊಮ್ಮಕ್ಕಳ ಹೆಸರು ತಪ್ಪದೆ ಕರೆಯುತ್ತಾರೆ. ಬ್ರಿಟನ್ನಿನ ಸರ್ಕಾರಿ ನೌಕರರನ್ನು ದಶಕಗಟ್ಟಲೆ ಗಮನಿಸಿದ ವೈಟ್‌ಹಾಲ್ ಅಧ್ಯಯನ 2021ರಲ್ಲಿ ಇನ್ನೊಂದು ಎಳೆ ಸೇರಿಸಿತು. ಕಾಯಿಲೆ ಇದೆಯೇ ಎಂಬಷ್ಟೇ ಯಾವಾಗ ಬಂತು ಎಂಬುದೂ ಮುಖ್ಯ. ಎಪ್ಪತ್ತರ ಆಸುಪಾಸಿನಲ್ಲಿ ಹೊಸದಾಗಿ ಶುಗರ್ ಬಂದವರಿಗೆ ಅಪಾಯ ಅಷ್ಟೇನೂ ಏರಲಿಲ್ಲ. ಅದಕ್ಕೂ ಹತ್ತು ವರ್ಷಕ್ಕಿಂತ ಮೊದಲೇ ಬಂದವರಿಗೆ ಅದು ಸುಮಾರು ಎರಡರಷ್ಟಾಯಿತು. ಇದನ್ನು ಓದಿದಾಗ ನನ್ನ ಎದೆ ಹೊಡೆದುಕೊಂಡದ್ದು ಅವ್ವನಿಗಾಗಿ ಅಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ನಲವತ್ತು ದಾಟುವ ಮೊದಲೇ ಡಬ್ಬಿಯ ಜೊತೆ ಮಾತ್ರೆ ತರುವವರು ಆರು ಮಂದಿ ಇದ್ದೇವೆ.

ಐಸಿಎಂಆರ್ ನೆರವಿನ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಲೆಕ್ಕದಂತೆ ಭಾರತದಲ್ಲಿ ಮಧುಮೇಹಿಗಳು 10.1 ಕೋಟಿ. ಅರವತ್ತು ದಾಟಿದವರಲ್ಲಿ ನೂರಕ್ಕೆ ಏಳಕ್ಕೂ ಹೆಚ್ಚು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯ ಇದೆಯೆಂದು ಇನ್ನೊಂದು ರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿದೆ. ಮೊದಲನೆಯ ಗುಂಪಿನವರು ಮದುವೆ ಮನೆಯಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ಬಂದು ಮಾತಾಡುತ್ತಾರೆ. ನಿಮ್ಗೂ ಶುಗರ್ರಾ? ಎಷ್ಟಿದೆ? ಮೆಂತ್ಯ ನೆನೆಹಾಕಿ ಕುಡೀತೀರಾ? ಶುಗರ್ ಈಗ ಕನ್ನಡದ್ದೇ ಪದ, ಮುಜುಗರವಿಲ್ಲದ ಪದ. ಎರಡನೆಯದಕ್ಕೆ ಅಂಥ ಸಲೀಸಾದ ಹೆಸರು ಹುಟ್ಟಲೇ ಇಲ್ಲ. ಅರಳುಮರಳು ಎಂದರೆ ಗೇಲಿ. ಮರೆಗುಳಿತನ ಎಂಬುದು ಪತ್ರಿಕೆಯ ಮಾತು. ಡಿಮೆನ್ಷಿಯ ಡಾಕ್ಟರ ಫೈಲಿನೊಳಗೇ ಉಳಿಯುತ್ತದೆ. ಹೆಸರಿಲ್ಲದ ಕಾಯಿಲೆಯನ್ನು ಯಾರೂ ತೋರಿಸಲು ಹೋಗುವುದಿಲ್ಲ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯೊಂದಿದ್ದರೆ ಸಾಕು, ನಾಲ್ಕು ವರ್ಷ ಚಿಕಿತ್ಸೆಯಿಲ್ಲದೆ ಕಳೆದುಬಿಡಬಹುದು. ನಾವು ಕಳೆದೆವು.

ಸಕ್ಕರೆ ಮಿದುಳಿಗೆ ಮಾಡುವುದಾದರೂ ಏನು? ಕಣ್ಣಿನ ಹಿಂಪೊರೆಯ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ, ಮೂತ್ರಪಿಂಡದವನ್ನು ಕೆಡಿಸುತ್ತದೆ, ಪಾದದ ನರಗಳನ್ನು ಸಾಯಿಸುತ್ತದೆ ಎಂದು ಎಲ್ಲ ಶುಗರ್ ಕ್ಲಿನಿಕ್ಕಿನ ಗೋಡೆಯ ಮೇಲೂ ಚಿತ್ರವಿದೆ. ಅದೇ ನಾಳಗಳು ಮಿದುಳಿನಲ್ಲೂ ಇವೆ, ಕಾಲುವೆಯಿಂದ ತೂಬು, ತೂಬಿನಿಂದ ಮಡಿ ಎಂಬಂತೆ ಕವಲೊಡೆದು. ಕೊನೆಯ ಮಡಿಗೆ ನೀರು ನಿಂತರೆ ಮೊದಲು ಯಾರಿಗೂ ತಿಳಿಯುವುದಿಲ್ಲ. ಮಂಡ್ಯ ಸೀಮೆಯ ರೈತರನ್ನು ಕೇಳಿ, ನಾಲೆಯ ಕೊನೆಯ ಹೊಲದವನ ಗೋಳು ಗೊತ್ತಾಗುವುದು ಬೆಳೆ ಒಣಗಿದ ಮೇಲೆಯೇ. ಗೋಡೆಯ ಆ ಚಿತ್ರದಲ್ಲಿ ಮಿದುಳು ಇರುವುದನ್ನು ನಾನು ನೋಡಿದ್ದು ಬಲು ಕಡಿಮೆ. ಅವ್ವನ ಕಣ್ಣು ವರ್ಷಕ್ಕೊಮ್ಮೆ ನೋಡಿಸಿದ್ದೇವೆ, ಪಾದಕ್ಕೆ ಮೆತ್ತನೆ ಚಪ್ಪಲಿ ಕೊಡಿಸಿದ್ದೇವೆ, ಮೂತ್ರಪಿಂಡಕ್ಕೆಂದು ಕ್ರಿಯಾಟಿನಿನ್ ಎಂಬ ಪದವನ್ನು ಬಾಯಿಪಾಠ ಮಾಡಿದ್ದೇವೆ. ನೆನಪು ಹೇಗಿದೆ ಎಂದು ಇಪ್ಪತ್ತು ವರ್ಷದಲ್ಲಿ ಒಬ್ಬ ಡಾಕ್ಟರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಇನ್ನೊಂದು ದಾರಿ ಇನ್ಸುಲಿನ್ನಿನದು. ಮಿದುಳು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳಲು ಹೆಚ್ಚಾಗಿ ಇನ್ಸುಲಿನ್ನಿನ ಅಪ್ಪಣೆ ಕಾಯುವುದಿಲ್ಲ. ಹಾಗಾಗಿ ಮಿದುಳಿಗೂ ಇನ್ಸುಲಿನ್ನಿಗೂ ಸಂಬಂಧವೇ ಇಲ್ಲ ಎಂದು ಬಹುಕಾಲ ನಂಬಿದ್ದರು. 1978ರಲ್ಲಿ ಇಲಿಯ ಮಿದುಳಿನಲ್ಲಿ ಇನ್ಸುಲಿನ್ ಕೂರುವ ಗ್ರಾಹಕಗಳು ಸಿಕ್ಕವು. ಅಲ್ಲಿ ಅದರ ಕೆಲಸ ಅನ್ನ ಬಡಿಸುವುದಷ್ಟೇ ಅಲ್ಲ. ನರಕೋಶಗಳ ನಡುವಿನ ಬೆಸುಗೆ ಗಟ್ಟಿಯಾಗಲು, ಅಂದರೆ ಕಲಿತದ್ದು ಉಳಿಯಲು ಅದೂ ಬೇಕು ಎಂದು ತಿಳಿಯುತ್ತ ಬಂತು. ಎರಡನೇ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ಇದ್ದೂ ಮೈ ಅದರ ಮಾತು ಕೇಳುವುದಿಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ. ಮಿದುಳಿನಲ್ಲೂ ಇದೇ ಕಿವುಡುತನ ಇರಬಹುದೆಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸುಝಾನ್ ಡಿ ಲಾ ಮೊಂಟೆ ಮತ್ತು ಜೊತೆಯವರು 2005ರಲ್ಲಿ ವಾದಿಸಿ, ಮರೆವಿನ ಕಾಯಿಲೆಗಳಲ್ಲೊಂದಾದ ಆಲ್ಝೈಮರ್ ಕಾಯಿಲೆಯನ್ನು ‘ಮೂರನೇ ಬಗೆಯ ಮಧುಮೇಹ’ ಎನ್ನಬಹುದೇ ಎಂದು ಕೇಳಿದರು. ಇದರ ಜೊತೆಗೆ ಒಂದು ಕಿಣ್ವದ ಕಥೆಯೂ ಇದೆ. ಬಳಸಿ ಮುಗಿದ ಇನ್ಸುಲಿನ್ನನ್ನು ಒಡೆದು ಗುಡಿಸುವ ಕಿಣ್ವವೇ ಆಲ್ಝೈಮರ್‌ನಲ್ಲಿ ಗುಡ್ಡೆ ಬೀಳುವ ಅಮೈಲಾಯ್ಡ್ ಕಸವನ್ನೂ ಗುಡಿಸುತ್ತದೆ. ಒಬ್ಬನೇ ಪೌರಕಾರ್ಮಿಕನಿಗೆ ಎರಡು ಬೀದಿ ವಹಿಸಿದಂತೆ. ಒಂದು ಬೀದಿಯಲ್ಲಿ ಜಾತ್ರೆ ನಡೆದರೆ ಇನ್ನೊಂದರಲ್ಲಿ ಕಸ ಉಳಿಯುತ್ತದೆ ಎಂಬುದು ಊಹೆ.

ಕೇಳಲು ಸೊಗಸಾದ ಊಹೆ. ಅದಕ್ಕೇ ನನಗೆ ಗುಮಾನಿ. ಮೂರನೇ ಬಗೆ ಎಂಬ ಹೆಸರನ್ನು ವೈದ್ಯಕೀಯ ಸಂಸ್ಥೆಗಳು ರೋಗದ ಹೆಸರಾಗಿ ಒಪ್ಪಿಲ್ಲ, ವಾಟ್ಸ್‌ಆ್ಯಪಿನವರು ಮಾತ್ರ ಒಪ್ಪಿದ್ದಾರೆ. ಸತ್ತ ಮೇಲೆ ಮಿದುಳನ್ನು ತೆರೆದು ನೋಡಿದ ಹಲವು ಅಧ್ಯಯನಗಳಲ್ಲಿ ಮಧುಮೇಹಿಗಳಲ್ಲಿ ಹೆಚ್ಚಾಗಿ ಕಂಡದ್ದು ಅಮೈಲಾಯ್ಡ್ ಅಲ್ಲ, ರಕ್ತನಾಳ ಕಟ್ಟಿ ಸತ್ತ ಸಣ್ಣಸಣ್ಣ ಜಾಗಗಳು. ಕಸಕ್ಕಿಂತ ನಾಲೆಯ ದೂರೇ ಹೆಚ್ಚು ಎಂದಾಯಿತು. ಹಾಗೆಂದು ಒಂದೇ ಕಾರಣಕ್ಕೆ ಗಂಟು ಹಾಕುವುದೂ ಬೇಡ. ಎಪ್ಪತ್ತೆಂಟು ವರ್ಷದ ಮಿದುಳಿನಲ್ಲಿ ನಾಲ್ಕು ಕಾಯಿಲೆ ಒಟ್ಟಿಗೆ ಒಂದೇ ಮನೆಯ ಬಾಡಿಗೆದಾರರ ಹಾಗೆ ಇರುತ್ತವೆ. ಯಾರು ಎಷ್ಟು ಕೆಡಿಸಿದರೆಂದು ಓನರಿಗೂ ಹೇಳಲಾಗದು.

ನಮ್ಮಣ್ಣನಿಗೆ ಈ ಅನುಮಾನಗಳಾವುವೂ ಇಲ್ಲ. ಅವನದು ಒಂದೇ ವಾಕ್ಯ: ಅವ್ವ ಬಾಯಿ ಕಟ್ಟಲಿಲ್ಲ, ಅದಕ್ಕೇ ಹೀಗಾಯ್ತು. ಇದು ಸುಳ್ಳು. ಸಕ್ಕರೆ ಕಾರ್ಖಾನೆ ಇರುವ ಮಂಡ್ಯದ ಹೆಣ್ಣುಮಗಳು ಅವಳು. ಕನ್ನಂಬಾಡಿಯ ನೀರು ಬಂದು, 1933ರಲ್ಲಿ ಮೈಶುಗರ್ ಎದ್ದು, ಸಕ್ಕರೆಯೇ ಜಿಲ್ಲೆಯ ಅಡ್ಡಹೆಸರಾದ ಸೀಮೆ. ಅವಳ ತವರಿನಲ್ಲಿ ಸ್ವಂತ ಆಲೆಮನೆ ಇತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿ ನೊರೆ ಕಟ್ಟುವ ಹೊತ್ತಿಗೆ ಸುತ್ತ ಕೂರುತ್ತಿದ್ದ ಮಕ್ಕಳ ಸಾಲಿನಲ್ಲಿ ಅವಳೂ ಇದ್ದಳು. ಅಂಥವಳು ಐವತ್ತಾರನೇ ವಯಸ್ಸಿಗೆ ಶುಗರ್ ಎಂದು ಗೊತ್ತಾದ ದಿನ ಬಾಯಿ ಕಟ್ಟಿದಳು. ದೇವಸ್ಥಾನದ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕದ ಮಗುವಿನ ಕೈಗೆ ಹಾಕುತ್ತಿದ್ದಳು. ಮುದ್ದೆಯ ಗಾತ್ರವನ್ನು ಅರ್ಧಕ್ಕೆ ಇಳಿಸಿದಳು. ಯುಗಾದಿಗೆ ಬೆಲ್ಲವಿಲ್ಲದೆ ಬೇವನ್ನಷ್ಟೇ ಮೆದ್ದದ್ದನ್ನು ನಾನು ಕಂಡಿದ್ದೇನೆ. ಈ ಕಾಯಿಲೆಗಳನ್ನು ತಿಂದ ತಪ್ಪಿಗೆ ಸಿಕ್ಕ ಶಿಕ್ಷೆ ಎಂದು ಓದುವುದು ನಮ್ಮಲ್ಲಿ ಹಳೆಯ ಚಾಳಿ. ಮನೆತನದ ರಕ್ತ, ಹುಟ್ಟಿದಾಗಿನ ತೂಕ, ಬಿಪಿ, ಓದಿನ ಅವಕಾಶ ಸಿಗದಿದ್ದದ್ದು, ಕಿವಿ ಮಂದವಾದದ್ದು ಎಲ್ಲಕ್ಕೂ ಇದರಲ್ಲಿ ಪಾಲಿದೆ. ನಾಲಿಗೆಯೊಂದನ್ನೇ ಕಟಕಟೆಗೆ ಹತ್ತಿಸುವುದು ಸುಲಭ, ಅಷ್ಟೇ.

ಅವ್ವ ಮನೆಯ ಲೆಕ್ಕದ ಪುಸ್ತಕವಾಗಿದ್ದಳು ಎಂಬುದನ್ನೂ ಹೇಳಬೇಕು. ಯಾರ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದ್ದರು, ಯಾವ ಅಳಿಯನಿಗೆ ಬದನೆಕಾಯಿ ಆಗದು, ಯಾವ ಸೊಸೆಗೆ ಎಷ್ಟನೇ ತಿಂಗಳು ಎಲ್ಲವೂ ಬರೆಯದ ಲೆಕ್ಕ. ಆಮೇಲೆ ಅದೇ ತಲೆಗೆ ಸಕ್ಕರೆ ಕಾಯಿಲೆ ತನ್ನ ಲೆಕ್ಕವನ್ನೂ ಹೇರಿತು. ಊಟಕ್ಕೆ ಅರ್ಧ ಗಂಟೆ ಮೊದಲಿನ ಮಾತ್ರೆ, ಊಟದ ನಂತರದ್ದು, ಬರಿಹೊಟ್ಟೆಯ ರಕ್ತ, ಎರಡು ಗಂಟೆಯ ನಂತರದ ರಕ್ತ. ಯೋಚಿಸಿ ನೋಡಿದರೆ ಇದಕ್ಕಿಂತ ನೆನಪನ್ನು ನೆಚ್ಚಿದ ಕಾಯಿಲೆ ಇನ್ನೊಂದಿಲ್ಲ. ಕಾಲು ಮುರಿದರೆ ಡಾಕ್ಟರು ಕಟ್ಟುತ್ತಾರೆ, ನೀವು ಮಲಗಿದ್ದರಾಯಿತು. ಸಕ್ಕರೆ ಕಾಯಿಲೆಯಲ್ಲಿ ರೋಗಿಯೇ ಅರ್ಧ ಡಾಕ್ಟರು, ದಿನಾ, ಸಾಯುವ ತನಕ. ನೆನಪಿಲ್ಲದವರಿಗೆ ಈ ಕಾಯಿಲೆಯನ್ನು ನೋಡಿಕೊಳ್ಳಲು ಬಾರದು, ನೋಡಿಕೊಳ್ಳದೆ ಬಿಟ್ಟರೆ ಅದು ನೆನಪನ್ನೇ ತಿನ್ನುತ್ತದೆ. ನನ್ನ ಮಟ್ಟಿಗೆ ಇವೆರಡರ ಸಂಬಂಧದ ತಿರುಳು ಕಿಣ್ವದಲ್ಲಿಲ್ಲ, ಇಲ್ಲಿದೆ.

ಇದಕ್ಕೆ ಎದುರಾಗಿ ರಕ್ತದ ನೆನಪು ನೋಡಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟೂ ದಿನ ಸುತ್ತಲಿನ ಸಕ್ಕರೆ ಅದರೊಳಗಿನ ಹಿಮೋಗ್ಲೋಬಿನ್‌ಗೆ ಮೆಲ್ಲಗೆ ಅಂಟುತ್ತಿರುತ್ತದೆ, ಅಂಟಿದ್ದು ಕಣ ಸಾಯುವವರೆಗೆ ಬಿಡದು. ಎಚ್‌ಬಿಎ1ಸಿ ಎಂದು ಲ್ಯಾಬಿನವರು ಕೊಡುವ ‘ಮೂರು ತಿಂಗಳ ಶುಗರ್’ ಈ ಅಂಟಿನ ಲೆಕ್ಕವೇ. ಅವ್ವ ಬೆಳಗಿನ ತಿಂಡಿ ಮರೆಯುತ್ತಾಳೆ. ಅವಳ ರಕ್ತ ದೀಪಾವಳಿಯ ಕಜ್ಜಾಯವನ್ನು ಸಂಕ್ರಾಂತಿಯವರೆಗೆ ಮರೆಯುವುದಿಲ್ಲ. ಅದಕ್ಕಿಂತ ಉದ್ದದ ನೆನಪೂ ಇದೆ. ಬ್ರಿಟನ್ನಿನಲ್ಲಿ ಹೊಸದಾಗಿ ಮಧುಮೇಹ ಬಂದವರ ಮೇಲೆ ನಡೆದ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನದಲ್ಲಿ ಒಂದು ಗುಂಪು ಮೊದಲ ವರ್ಷಗಳಲ್ಲಿ ಶುಗರನ್ನು ಬಿಗಿಯಾಗಿ ಹಿಡಿದಿತ್ತು. ಅಧ್ಯಯನ ಮುಗಿದ ಮೇಲೆ ವರ್ಷದೊಳಗೇ ಎರಡೂ ಗುಂಪಿನವರ ಶುಗರ್ ಒಂದೇ ಆಯಿತು. ಆದರೂ ಹತ್ತು ವರ್ಷ ಬಿಟ್ಟು, 2008ರಲ್ಲಿ ಲೆಕ್ಕ ತೆಗೆದಾಗ ಮೊದಲು ಬಿಗಿ ಹಿಡಿದವರಲ್ಲೇ ಹೃದಯಾಘಾತವೂ ಸಾವೂ ಕಡಿಮೆ ಇದ್ದವು. ನಲವತ್ತರಲ್ಲಿ ಮಾಡಿದ್ದನ್ನು ಮೈ ಎಪ್ಪತ್ತರಲ್ಲಿ ನೆನಪಿಡುತ್ತದೆ. ಒಳ್ಳೆಯದನ್ನೂ, ಕೆಟ್ಟದ್ದನ್ನೂ. ಒಂದೇ ಮೈಯಲ್ಲಿ ಏನನ್ನೂ ಮರೆಯದ ರಕ್ತ ಮತ್ತು ಏನೂ ಉಳಿಯದ ಮಿದುಳು ಒಟ್ಟಿಗೆ ಬಾಳುತ್ತಿವೆ. ಇವರಲ್ಲಿ ನನ್ನ ಅವ್ವ ಯಾರು?

ಹಾಗಾದರೆ ಕೊನೆಗಾಲದಲ್ಲಿ ಬಿಗಿ ಹಿಡಿದರೆ ಮರೆವು ನಿಲ್ಲುತ್ತದೆಯೇ? ಇದನ್ನೂ ನೋಡಿದ್ದಾರೆ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಅಕಾರ್ಡ್ ಅಧ್ಯಯನದ ಮಿದುಳಿನ ಭಾಗ 2011ರಲ್ಲಿ ಪ್ರಕಟವಾಯಿತು. ಸರಾಸರಿ ಅರವತ್ತೆರಡು ವಯಸ್ಸಿನ ಮೂರು ಸಾವಿರದಷ್ಟು ಜನ. ಬಿಗಿಯಾಗಿ ಹಿಡಿದವರ ಮಿದುಳು ತುಸು ಕಡಿಮೆ ಕುಗ್ಗಿತ್ತು, ನೆನಪಿನ ಪರೀಕ್ಷೆಯ ಅಂಕಗಳು ಮಾತ್ರ ಎರಡೂ ಕಡೆ ಒಂದೇ. ಅಷ್ಟರಲ್ಲಿ ಮುಖ್ಯ ಅಧ್ಯಯನದ ಬಿಗಿ ಗುಂಪಿನಲ್ಲಿ ಸಾವು ಹೆಚ್ಚಿತೆಂದು ಆ ಚಿಕಿತ್ಸೆಯನ್ನು 2008ರಲ್ಲೇ ನಿಲ್ಲಿಸಿದ್ದರು. ಇನ್ನೊಂದು ಕಡೆ, ಆಸ್ಪತ್ರೆ ಸೇರುವಷ್ಟು ಶುಗರ್ ಇಳಿದ ವಯಸ್ಸಾದವರಿಗೆ ಮುಂದೆ ಡಿಮೆನ್ಷಿಯ ಹೆಚ್ಚು ಎಂದು ಕ್ಯಾಲಿಫೋರ್ನಿಯದ ಲೆಕ್ಕ 2009ರಲ್ಲಿ ಬಂದಿತ್ತು. ಈಗ ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿಯೇ ಮರೆವು ಇರುವ ವೃದ್ಧರಿಗೆ ಮೂರು ತಿಂಗಳ ಶುಗರ್ ಏಳರ ಹತ್ತಿರ ಬೇಡ, ಎಂಟರೊಳಗಿದ್ದರೆ ಸಾಕು, ಕಾಯಿಲೆ ಬಲಿತವರಲ್ಲಿ ಆ ಸಂಖ್ಯೆಯ ಹಿಂದೆಯೇ ಬೀಳಬೇಡಿ ಎನ್ನುತ್ತದೆ. ಅರವತ್ತೈದು ದಾಟಿದ ಮಧುಮೇಹಿಗಳ ನೆನಪನ್ನು ಪರೀಕ್ಷಿಸುತ್ತಿರಿ ಎಂದೂ ಹೇಳುತ್ತದೆ. ಅವ್ವನ ಡಾಕ್ಟರು ಆ ಘಟನೆಯ ನಂತರ ಶುಗರ್ ತೀರ ಇಳಿಸುವ ಮಾತ್ರೆಯನ್ನು ನಿಲ್ಲಿಸಿದರು. ‘ಇನ್ನು ಮೇಲೆ ಮೀಟರಿನಲ್ಲಿ ನೂರೆಂಬತ್ತಿದ್ದರೆ ಗಾಬರಿ ಬೀಳಬೇಡಿ. ಎಪ್ಪತ್ತಿದ್ದರೆ ಬೀಳಿ’ ಎಂದರು. ಇಪ್ಪತ್ತು ವರ್ಷದ ನಮ್ಮ ಭಯ ಅಷ್ಟರಲ್ಲೇ ತಲೆಕೆಳಗಾಯಿತು.

ಅಲ್ಲಿಂದ ಶುರುವಾಯಿತು ನಿಜವಾದ ತೊಡಕು. ಅವ್ವ ಈಗ ಸಿಹಿ ಕೇಳುತ್ತಾಳೆ. ಶುಗರ್ ಇದೆಯಲ್ಲವ್ವ ಎಂದರೆ ‘ನನಗ್ಯಾವ ಶುಗರ್ರು?’ ಎಂದು ನಗುತ್ತಾಳೆ. ಕಾಯಿಲೆ ಇದೆಯೆಂಬುದನ್ನೇ ಕಾಯಿಲೆ ಮರೆಸಿದೆ. ಇಪ್ಪತ್ತು ವರ್ಷ ಬಾಯಿ ಕಟ್ಟಿದ ಹೆಂಗಸಿನ ನೇಮ ಒಂದು ಕಡೆ. ಅದು ಅವಳೇ ಕೈಯಾರೆ ಕಟ್ಟಿದ್ದು, ಅದನ್ನು ಮುರಿಯಲು ನಾನು ಯಾರು? ಇನ್ನೊಂದು ಕಡೆ ಹೋಳಿಗೆಯ ವಾಸನೆಗೆ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತ ಮುದುಕಿ. ಅವಳ ಆಸೆ ಈ ಕ್ಷಣದ್ದು, ಪೂರ್ತಿ ನಿಜವಾದದ್ದು. ಹಿಂದಿನ ಅವ್ವನ ಮಾತು ಕೇಳಿದರೆ ಇಂದಿನವಳ ಕಣ್ಣಲ್ಲಿ ನೀರು. ಇಂದಿನವಳ ಮಾತು ಕೇಳಿದರೆ ಹಿಂದಿನವಳ ಬೆನ್ನಿಗೆ ಚೂರಿ. ವಚನಕ್ಕೆ ಕಟ್ಟುಬಿದ್ದವರ ಕಥೆಗಳನ್ನು ನಾವು ಎಷ್ಟೊಂದು ಕೇಳಿದ್ದೇವೆ. ವಚನ ಕೊಟ್ಟವರೇ ಅದನ್ನು ಮರೆತರೆ ಕಟ್ಟು ಯಾರ ಮೇಲೆ ಉಳಿಯುತ್ತದೆ ಎಂದು ಆ ಕಥೆಗಳಲ್ಲಿ ಯಾರೂ ಹೇಳಿದ್ದು ನೆನಪಿಲ್ಲ.

ನಾನು ಇಂದಿನವಳ ಕಡೆಗೆ ವಾಲಿದ್ದೇನೆ, ಪೂರ್ತಿಯಾಗಿ ಅಲ್ಲ. ಅರ್ಧ ಹೋಳಿಗೆಯಷ್ಟು. ಡಾಕ್ಟರ ಒಪ್ಪಿಗೆಯೂ ಅಷ್ಟಕ್ಕೇ ಇದೆ. ತಿಂದು ಕೈ ತೊಳೆದು ಹತ್ತು ನಿಮಿಷಕ್ಕೆ ‘ಹೋಳಿಗೆ ಮಾಡಿದ್ಯಂತೆ, ನನಗೆ ಕೊಡ್ಲೇ ಇಲ್ವಲ್ಲ’ ಎನ್ನುತ್ತಾಳೆ. ಇದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ. ಕೊಟ್ಟೆನಲ್ಲವ್ವ ಎಂದರೆ ಅವಳಿಗೆ ಅವಮಾನ. ಹಾಗಾಗಿ ನಾನೂ ಅವಳದೇ ಹಳೆಯ ಮರ್ಯಾದೆಯ ಸುಳ್ಳು ಕಲಿತಿದ್ದೇನೆ. ‘ಬೇಯ್ತಾ ಇದೆ ಕಣವ್ವ, ಇರು’ ಎನ್ನುತ್ತೇನೆ. ಹೋಳಿಗೆ ಬೇಯುತ್ತಲೇ ಇರುತ್ತದೆ.

ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ 1901ರ ನವೆಂಬರಿನಲ್ಲಿ ಅಲೋಯಿಸ್ ಆಲ್ಝೈಮರ್ ಎಂಬ ಡಾಕ್ಟರು ಆಗುಸ್ಟೆ ಡೀಟರ್ ಎಂಬ ಐವತ್ತೊಂದು ವರ್ಷದ ಹೆಂಗಸಿನ ಎದುರು ಕುಳಿತು ಬರೆದ ಟಿಪ್ಪಣಿಗಳು ಕಳೆದುಹೋಗಿ 1995ರಲ್ಲಿ ಸಿಕ್ಕವು. ಆಕೆಯ ಕಥೆ ಸಕ್ಕರೆಯದಲ್ಲ. ನಾನು ಅವರನ್ನು ಇಲ್ಲಿಗೆ ಕರೆತಂದದ್ದು ಒಂದು ಊಟಕ್ಕಾಗಿ. ಮಧ್ಯಾಹ್ನ ಆಕೆ ಹೂಕೋಸು ಮತ್ತು ಹಂದಿಮಾಂಸ ಉಣ್ಣುತ್ತಿದ್ದಾಗ ಡಾಕ್ಟರು ಏನು ತಿನ್ನುತ್ತಿದ್ದೀರಿ ಎಂದು ಕೇಳಿದರು. ಆಕೆ ಹೇಳಿದ್ದು ಪಾಲಕ್ ಎಂದು. ಆಲ್ಝೈಮರ್ ಕಾಯಿಲೆ ಎಂಬ ಹೆಸರಿನ ಕಥೆ ಶುರುವಾಗುವುದೇ ಆ ರೋಗಿಯಿಂದ, ಆ ದಿನಗಳ ಮಾತುಕತೆಯಿಂದ. ಅಲ್ಲೂ ಪ್ರಶ್ನೆ ಊಟದ್ದೇ. ಒಂದು ವ್ಯತ್ಯಾಸವಿದೆ. ಅವರು ಊಟ ಆಯ್ತಾ ಎಂದು ಕೇಳಲಿಲ್ಲ. ಎದುರಿಗೆ ಕುಳಿತು, ತಟ್ಟೆ ನೋಡುತ್ತ, ಏನು ಉಣ್ಣುತ್ತಿದ್ದೀರಿ ಎಂದು ಕೇಳಿದರು.

ನಮ್ಮಲ್ಲೂ ಹೀಗೆ ಎದುರಿಗೆ ಕುಳಿತು ಕೇಳುವವರಿದ್ದಾರೆ. ಮಾವಿಗೆ ಹೆಸರಾದ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ ನಲವತ್ತೈದು ದಾಟಿದವರ ರಕ್ತ, ಮಿದುಳು, ನೆನಪು ಎಲ್ಲವನ್ನೂ ಪರೀಕ್ಷಿಸುತ್ತ, ವರ್ಷಗಟ್ಟಲೆ ಅವರನ್ನೇ ಮತ್ತೆ ಮತ್ತೆ ನೋಡುವ ಕೆಲಸ ಹಿಡಿದಿದ್ದಾರೆ. ಸುಲಭದ್ದಲ್ಲ ಅದು. ಶಾಲೆಯ ಮೆಟ್ಟಿಲು ಹತ್ತದವರ ನೆನಪನ್ನು ಅಕ್ಷರ ಬರೆಸಿ ಅಳೆಯಲಾಗದು. ಅವ್ವನಿಗೆ ಮೊದಲ ಸಲ ಪರೀಕ್ಷೆ ಮಾಡಿದ ಹುಡುಗ ಡಾಕ್ಟರು ಇವತ್ತು ಎಷ್ಟನೇ ತಾರೀಕು ಎಂದು ಕೇಳಿದ್ದರು. ‘ಅಮಾಸೆ ಕಳ್ದು ಮೂರ್ ದಿನ’ ಎಂದಳು. ಹಾಳೆಯಲ್ಲಿ ಸೊನ್ನೆ ಹಾಕಿದರು. ಹೊರಗೆ ಬಂದು ಕ್ಯಾಲೆಂಡರ್ ನೋಡಿದೆ. ಅವತ್ತು ತದಿಗೆ.

ಈಗ ನಮ್ಮ ಮನೆಯಲ್ಲಿ ಮಾತ್ರೆಗೆ ವಾರದ ಏಳು ಖಾನೆಯ ಪೆಟ್ಟಿಗೆ ಇದೆ, ಬೀಗದ ಕೈ ನನ್ನ ಹತ್ತಿರ. ಸಕ್ಕರೆ ಡಬ್ಬಿ ಅಟ್ಟದಿಂದ ಇಳಿದು ಕೈಗೆಟುಕುವ ಹಾಗೆ ಒಲೆಯ ಪಕ್ಕ ಕುಳಿತಿದೆ. ತಿಂಡಿ ಆಯ್ತಾ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಜೊತೆಗೆ ಕೂತು ತಿನ್ನುತ್ತೇನೆ, ಕಾಲೇಜಿಗೆ ತಡವಾದರೂ ಸರಿ.

ನಿಮ್ಮ ಮನೆಯಲ್ಲೂ ಶುಗರ್ ಮಾತ್ರೆ ನುಂಗುವ ಹಿರಿಯರಿದ್ದರೆ ನಾಳೆ ಬೆಳಿಗ್ಗೆ ಅವರ ಉತ್ತರ ಕೇಳಿ ಹೊರಟುಬಿಡಬೇಡಿ, ತಟ್ಟೆ ನೋಡಿ. ಮುಂದಿನ ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಕಣ್ಣು, ಪಾದ, ಕ್ರಿಯಾಟಿನಿನ್ ಆದ ಮೇಲೆ ನೆನಪಿನ ವಿಷಯವನ್ನು ನೀವೇ ಎತ್ತಿ. ಅವರಾಗಿ ಕೇಳಲಿ ಎಂದು ಕಾಯಬೇಡಿ.